ಒಂಬತ್ತು ಸಾವಿರ ಸುತ್ತಿನ ಎಂಜಿನ್ನು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ಕೆಲಸ ಎಂಜಿನ್ನುಗಳ ಜೊತೆ. ಹಾಗಾಗಿ ನಮ್ಮ ಶಾಲೆಗೆ ಐವತ್ತು ತುಂಬಿದ ಈ ದಿನ, ಐವತ್ತರ ನೆನಪಿಗೇ ಹುಟ್ಟಿದ ಒಂದು ಕಾರಿನ ಬಗ್ಗೆ ಮಾತಾಡುತ್ತೇನೆ. ಜಪಾನಿನ ಹೋಂಡಾ ಕಂಪನಿ ಶುರುವಾದದ್ದು 1948ರಲ್ಲಿ. ಅದರ ಐವತ್ತನೆಯ ವರ್ಷದ ನೆನಪಿಗೆಂದು ಎಸ್2000 ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು 1999ರಲ್ಲಿ ಮಾರಾಟಕ್ಕೆ ಬಂತು.

ಅದರ ಎಂಜಿನ್ನು ಬರೀ 1997 ಸಿಸಿ, ನಾಲ್ಕು ಸಿಲಿಂಡರು. ಟರ್ಬೊ ಇಲ್ಲ. ಆದರೂ ಜಪಾನಿನ ಮಾದರಿ 250 ಅಶ್ವಶಕ್ತಿ ಕೊಡುತ್ತಿತ್ತು. ಹೇಗೆ? ಎಂಜಿನ್ನಿನ ಶಕ್ತಿ ಎಂದರೆ ತಿರುಗಿಸುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದ್ದು. ನಮ್ಮ ಹೊಲದ ಟ್ರ್ಯಾಕ್ಟರು ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಬಲ ಮುಖ್ಯ. ಈ ಕಾರಿನ ಎಂಜಿನ್ನು 9000 ಸುತ್ತು ಮುಟ್ಟುತ್ತಿತ್ತು. ಬಲ ಕಡಿಮೆಯಾದರೂ ಸುತ್ತು ಹೆಚ್ಚು.

ಇದರ ಸೊಗಸು ಕಿವಿಗೂ ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ ಉರಿಯುತ್ತದೆ, 9000ದಲ್ಲಿ 300 ಸಲ. ಕಂಪನ ಮೂರು ಪಟ್ಟಾದರೆ, ಸಂಗೀತ ಕಲಿತವರಿಗೆ ಗೊತ್ತು, ಷಡ್ಜದಿಂದ ಮೇಲಿನ ಸ್ಥಾಯಿಯ ಪಂಚಮಕ್ಕೆ ಹೋದಂತೆ. ಸುಮಾರು 6000 ಸುತ್ತಿನಲ್ಲಿ ಆಯಿಲಿನ ಒತ್ತಡ ಒಂದು ಪಿನ್ನನ್ನು ತಳ್ಳುತ್ತದೆ. ಆಗ ವಾಲ್ವುಗಳು ಇನ್ನೊಂದು ಕ್ಯಾಮಿನ ಹಿಡಿತಕ್ಕೆ ಬಂದು, ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದುಕೊಳ್ಳುತ್ತವೆ. ಎಂಜಿನ್ನಿನ ದನಿಯೇ ಬದಲಾಗುತ್ತದೆ. ವಿ-ಟೆಕ್ ಎಂಬುದು ಇದೇ.

"ಇಷ್ಟು ಜೋರಾಗಿ ತಿರುಗಿದರೆ ಎಂಜಿನ್ನು ಬೇಗ ಹಾಳಾಗುವುದಿಲ್ಲವೇ?" ಎಂದು ಬಹಳ ಜನ ಕೇಳುತ್ತಾರೆ. ಪ್ರಶ್ನೆ ಸರಿಯೇ. 9000 ಸುತ್ತಿನಲ್ಲಿ ಪ್ರತಿ ಪಿಸ್ಟನ್ನು ಸೆಕೆಂಡಿಗೆ 150 ಸಲ ಮೇಲೆ ಹೋಗಿ ಕೆಳಗೆ ಬರಬೇಕು. ತುದಿಯಲ್ಲಿ ನಿಂತು ಹಿಂದಿರುಗುವಾಗ ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಸುತ್ತು ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಅಲ್ಲಿ ಹಗುರವಾದ ಫೋರ್ಜಿಂಗ್ ಪಿಸ್ಟನ್ನು, ಒಳಗೋಡೆಗೆ ನಾರು ಬೆರೆಸಿದ ಲೋಹ, ವಾಲ್ವು ಒತ್ತುವ ಕಡೆ ಉಜ್ಜುವ ಬದಲು ಉರುಳುವ ರೋಲರು. ಪಿಸ್ಟನ್ನು ಓಡಾಡುವ ದೂರವೂ ಬರೀ 84 ಮಿಲಿಮೀಟರು. ಮುಂದೆ ಅಮೆರಿಕದ ಮಾದರಿಗೆ ಆ ದೂರವನ್ನು 90.7ಕ್ಕೆ ಏರಿಸಿದಾಗ ಸುತ್ತಿನ ಮಿತಿಯನ್ನು 8000ಕ್ಕೆ ಇಳಿಸಿದರು. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಲೇಬೇಕು.

ಹಾಗಾಗಿ ಎಂಜಿನ್ನನ್ನು ಕೆಡಿಸುವುದು ಸುತ್ತಲ್ಲ, ತಾಳಲಾರದ ಸುತ್ತು. ಆಯಿಲ್ ಬಿಸಿಯಾಗುವ ಮೊದಲೇ ಹಿಂಡುವುದು, ಆಯಿಲ್ ಮಟ್ಟ ನೋಡದೆ ಓಡಿಸುವುದು, ಮೇಲಿನ ಗೇರಿಗೆ ಹಾಕುವ ಬದಲು ಕೆಳಗಿನದಕ್ಕೆ ಹಾಕಿಬಿಡುವುದು: ಇವೇ ಮುಖ್ಯ ಕಾರಣ. ಕೊನೆಯದಂತೂ ಘೋರ. ಆಗ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಪೆಟ್ರೋಲು ನಿಲ್ಲಿಸುವ ಕಂಪ್ಯೂಟರೂ ತಡೆಯಲಾರದು. ಸ್ಪ್ರಿಂಗು ಸೋತು ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಮಾಲೀಕರು ಜೋಪಾನ ಮಾಡಿದ ಎಸ್2000 ಕಾರುಗಳು ಇಪ್ಪತ್ತು ವರ್ಷ ದಾಟಿ ಇಂದಿಗೂ ಓಡುತ್ತಿವೆ.

ಈ ಮಾತು ನಮ್ಮೂರಿನ ಹುಡುಗರಿಗೂ ಬೇಕು. ಬೆಳಿಗ್ಗೆ ಬೈಕು ಚಾಲೂ ಮಾಡಿದ ಕೂಡಲೇ ಶಾಲೆಯ ಮುಂದೆ ಸೈಲೆನ್ಸರ್ ಬಿಚ್ಚಿ ಎಕ್ಸಲೇಟರ್ ತಿರುವುತ್ತೀರಲ್ಲ, ಆ ಸದ್ದಿನಲ್ಲಿ ಶಕ್ತಿಯಿಲ್ಲ. ನಿಮ್ಮಪ್ಪನ ದುಡ್ಡು ಸವೆಯುವುದಷ್ಟೇ. ನೂರು ಸಿಸಿ ಎಂಜಿನ್ನನ್ನು ಕಟ್ಟಿದವರು ಮೈಲೇಜಿಗೆ ಕಟ್ಟಿದ್ದಾರೆ. ಅದು ಏನನ್ನು ತಾಳುತ್ತದೆಂದು ತಿಳಿದು ಓಡಿಸಿ. ವೇಗದ ಆಸೆ ತಪ್ಪಲ್ಲ, ಅದಕ್ಕೆ ರೇಸ್ ಟ್ರ್ಯಾಕ್ ಇದೆ. ಮಕ್ಕಳು, ದನಕರು ಓಡಾಡುವ ನಮ್ಮ ರಸ್ತೆ ಅದಲ್ಲ.

ಗುರುಗಳಲ್ಲಿ ಒಂದು ಬಿನ್ನಹ. ಒಂದು ಹಳೆಯ ಬೈಕ್ ಎಂಜಿನ್ನನ್ನು ಅರ್ಧಕ್ಕೆ ಕೊಯ್ದು ನಮ್ಮ ಪ್ರಯೋಗಾಲಯಕ್ಕೆ ತಂದುಕೊಡುತ್ತೇನೆ. ಜಡತ್ವ, ಘರ್ಷಣೆ, ವೇಗೋತ್ಕರ್ಷ ಎಂಬ ಪಾಠಗಳನ್ನು ಮಕ್ಕಳು ಅದನ್ನು ಕೈಯಿಂದ ತಿರುಗಿಸುತ್ತಾ ಕಲಿಯಲಿ.