ಫ್ರಾಂಕರ ಗಡಿಸೀಮೆ

'ಸೀಮೆ' ಎಂಬ ನಮ್ಮ ಮಾತಿಗೆ ಎಲ್ಲೆಯೆಂದೂ ಅರ್ಥವುಂಟು, ನಾಡೆಂದೂ ಅರ್ಥವುಂಟು. ಮಧ್ಯಯುಗದ ಆದಿಯಲ್ಲಿ ಪಶ್ಚಿಮ ಯೂರೋಪನ್ನು ಆಳಿದ ಫ್ರಾಂಕರ 'ಮಾರ್ಕ್' ಎಂಬ ಶಬ್ದವೂ ಇಂಥದೇ. ಕೋಟೆಗಳು, ಕಾವಲಿನ ಠಾಣ್ಯಗಳು, ನಡುನಡುವೆ ಪಾಳುಬಿದ್ದ ಹೊಲಗಳು, ಇವೆಲ್ಲ ಕೂಡಿದ ಪ್ರದೇಶಕ್ಕೆ ಆ ಹೆಸರು.

ಷಾರ್ಲಮೇನನ ರಾಜ್ಯದ ಅಂಚಿನಲ್ಲಿ ಇಂಥ ಸೀಮೆಗಳು ಹಲವಿದ್ದವು. ವೀರಗೀತೆಯಿಂದ ಪ್ರಸಿದ್ಧನಾದ ರೋಲಾಂಡನು ಬ್ರಿಟನಿಯ ಕಡೆಯ ಸೀಮೆಯ ಅಧಿಕಾರಿ. ಆತ 778ರಲ್ಲಿ ಮಡಿದದ್ದು ಮಾತ್ರ ದೂರದ ಪೈರನೀಸ್ ಪರ್ವತದಲ್ಲಿ, ಅದೂ ಬಾಸ್ಕರ ಕೈಯಲ್ಲಿ. ಅಲ್ಲಿಗೆ ಮುಸಲ್ಮಾನರ ದಂಡನ್ನು ಕರೆತಂದವರು ಮುಂದಿನ ಕವಿಗಳು!

ಆ ಪರ್ವತದ ದಕ್ಷಿಣಕ್ಕೆ ಬಾರ್ಸಿಲೋನಾ ನಗರವನ್ನು 801ರಲ್ಲಿ ಷಾರ್ಲಮೇನನ ಮಗ ಲೂಯಿ ಗೆದ್ದುಕೊಂಡ. ಗೆದ್ದ ನೆಲವನ್ನು ಉಳುವವರು ಬೇಡವೆ? ಮುಸಲ್ಮಾನರ ಆಳ್ವಿಕೆಯ ಸ್ಪೇನಿನಿಂದ ವಲಸೆ ಬಂದವರಿಗೆ ಗಡಿಯ ಸುತ್ತಣ ಪಾಳುಭೂಮಿ ದೊರೆಯಿತು. ಅವರು ಅದನ್ನು ಹಸನುಮಾಡಿದರು. ದಂಡಿಗೆ ಹೋದರು, ರಾತ್ರಿ ಕಾವಲು ಕಾದರು. ಹೊಲ ಹಸುರಾದ ಮೇಲೆ ಸ್ಥಳೀಯ ಅಧಿಪತಿಗಳಾದ ಕೌಂಟರ ಕಣ್ಣು ಅದರ ಮೇಲೆ ಬಿತ್ತು. 30 ವರ್ಷ ಅನುಭವಿಸಿದ ನೆಲವನ್ನು ಕಸಿದುಕೊಳ್ಳುತ್ತಿದ್ದಾರೆ, ಇಲ್ಲದ ತೆರಿಗೆ ಹೇರುತ್ತಿದ್ದಾರೆ ಎಂದು ಸುಮಾರು ನಾಲ್ವತ್ತು ಮಂದಿ ಚಕ್ರವರ್ತಿಗೆ ದೂರಿತ್ತರು. 812ರಲ್ಲಿ ಆತ ಎಂಟು ಮಂದಿ ಕೌಂಟರಿಗೆ, ಇವರನ್ನು ಪೀಡಿಸಕೂಡದೆಂದು ಆಜ್ಞೆ ಬರೆಸಿದ. ಫ್ರಾಂಕರ ಯುದ್ಧವರ್ಣನೆಗಳಿಗಿಂತ ಈ ಓಲೆ ನನಗೆ ಹೆಚ್ಚಿನದಾಗಿ ತೋರುತ್ತದೆ. ಗಡಿ ಉಳಿದದ್ದು ಈ ಒಕ್ಕಲುಗಳಿಂದ.

ಅರಸನ ಕಷ್ಟವೂ ಸಣ್ಣದಲ್ಲ. ಗಡಿ ಕಾಯಲು ಬಲಿಷ್ಠನೇ ಬೇಕು; ಬಲಿಷ್ಠನಾದವನು ಅರಸನಿಗೇ ತಿರುಗಿಬಿದ್ದಾನು. ಬಾರ್ಸಿಲೋನಾದ ಮೊದಲ ಕೌಂಟ್ ಬೆರಾನ ಮೇಲೆ 820ರಲ್ಲಿ ರಾಜದ್ರೋಹದ ಆಪಾದನೆ ಬಂತು. ದ್ವಂದ್ವಯುದ್ಧದಲ್ಲಿ ಸೋತ ಅವನನ್ನು ಲೂಯಿ ಕೊಲ್ಲಿಸದೆ ಗಡೀಪಾರು ಮಾಡಿದ. ಅಂದಿನ ದೊರೆಗೆ ಕೌಂಟನನ್ನು ಇಳಿಸುವ ಶಕ್ತಿಯಾದರೂ ಇತ್ತು. 897ರಲ್ಲಿ ವಿಫ್ರೆಡ್ ಎಂಬ ಕೌಂಟ್ ತೀರಿಕೊಂಡಾಗ ಪದವಿ ಅವನ ಮಕ್ಕಳಿಗೇ ಇಳಿಯಿತು. ಇತ್ತ ರಾಜಮನೆತನ ಕ್ಷೀಣಿಸಿತ್ತು.

985ರಲ್ಲಿ ಕೋರ್ಡೊಬದ ಅಲ್ ಮನ್ಸೂರ್ ಬಾರ್ಸಿಲೋನಾವನ್ನು ಸೂರೆಮಾಡಿದ. ಆಗಿನ ಕೌಂಟ್ ಬೊರೆಲ್ ನೆರವಿಗೆ ಮೊರೆಯಿಟ್ಟರೂ ಉತ್ತರದಿಂದ ಒಂದು ದಂಡೂ ಬರಲಿಲ್ಲ. 987ರಲ್ಲಿ ಪಟ್ಟಕ್ಕೆ ಬಂದ ಹ್ಯೂ ಕಾಪೆ, ತನ್ನಲ್ಲಿಗೆ ಬಂದು ನಿಷ್ಠೆ ತೋರಿದರೆ ಸಹಾಯ ಮಾಡುವೆನೆಂದು ಪತ್ರ ಕಳುಹಿಸಿದ. ಬೊರೆಲ್ ಹೋದನೆಂಬುದಕ್ಕೆ ದಾಖಲೆಯಿಲ್ಲ.

ಆದರೂ ಆ ಸೀಮೆಯ ಕರಣಿಕರು ಕ್ರಯಪತ್ರಗಳಿಗೆ ಫ್ರಾನ್ಸಿನ ದೊರೆಯ ಆಳ್ವಿಕೆಯ ವರ್ಷವನ್ನೇ ಹಾಕುತ್ತ ಬಂದರು. ಅದು ನಿಂತದ್ದು 1180ರಲ್ಲಿ. ದೊರೆ ತನ್ನ ಹಕ್ಕನ್ನು ಬರೆದು ಬಿಟ್ಟುಕೊಟ್ಟದ್ದು 1258ರಲ್ಲಿ.