ಹೊಸ ಕಾರು ಮತ್ತು ಜೋಡಣೆಯ ಕೂಲಿ

ಹೊಸ ಕಾರು ಕೊಳ್ಳಲು ಹೊರಟವರು ಬೆಲೆಯನ್ನು ವಿಚಾರಿಸುತ್ತಾರೆ, ಸಾಲದ ಬಡ್ಡಿಯನ್ನು ವಿಚಾರಿಸುತ್ತಾರೆ, ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆಂದು ನಾಲ್ಕು ಜನರನ್ನು ಕೇಳುತ್ತಾರೆ. ಆದರೆ ಕೇಳದೆ ಬಿಡುವ ಪ್ರಶ್ನೆಯೊಂದು ಉಂಟು. ಸೀಟ್ ಕವರು, ಮಡ್ ಫ್ಲ್ಯಾಪು, ಫಾಗ್ ಲ್ಯಾಂಪು, ಹಿಂಬದಿಯ ಕ್ಯಾಮೆರಾ, ಹಾಡಿನ ಪೆಟ್ಟಿಗೆ ಮುಂತಾದ ಮೇಲುಸಾಮಾನುಗಳನ್ನು ಕಾರಿಗೆ ಕೂಡಿಸಲು ಷೋರೂಮಿನವರು ತೆಗೆದುಕೊಳ್ಳುವ ಕೂಲಿ ಎಷ್ಟು, ಅದು ಯಾವ ಲೆಕ್ಕದಿಂದ ಬಂತು ಎಂಬುದೇ ಆ ಪ್ರಶ್ನೆ. ಬಿಲ್ಲಿನಲ್ಲಿ ಅದಕ್ಕೆ ‘ಫಿಟಿಂಗ್’ ಎಂದೋ ‘ಲೇಬರ್’ ಎಂದೋ ಹೆಸರು. ಇಂದಿನ ನನ್ನ ಮಾತು ಆ ಒಂದು ಸಾಲನ್ನು ಕುರಿತದ್ದು.

ಲಕ್ಷಗಟ್ಟಲೆ ಸುರಿದು ಕಾರು ಕೊಳ್ಳುವವರಿಗೆ ಸಾವಿರ, ಎರಡು ಸಾವಿರದ ಕೂಲಿ ಒಂದು ಲೆಕ್ಕವೇ ಎಂದು ಕೆಲವರು ಕೇಳಬಹುದು. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ನಿಂತು ನೋಡಿದರೆ ಅದು ಲೆಕ್ಕವೇ ಸರಿ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಕಾರಿನ ಹಣ ತೆಂಗಿನ ತೋಟದಿಂದ ಬರಬೇಕು. ಕಾಯನ್ನು ಕೀಳಿಸಿ, ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಆಮೇಲೆ ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿಯನ್ನು ಅರಸೀಕೆರೆಗೋ ತಿಪಟೂರಿಗೋ ಸಾಗಿಸಿದ ಮೇಲೆ ಕೈಗೆ ಬರುವ ದುಡ್ಡು ಅದು. ನುಸಿಪೀಡೆ ಬಂದ ವರ್ಷ, ಮಳೆ ಕೈಕೊಟ್ಟ ವರ್ಷ, ದರ ಬಿದ್ದ ವರ್ಷ ಅಷ್ಟೂ ಬರುವುದಿಲ್ಲ. ಹೀಗೆ ಕೂಡಿಟ್ಟ ಹಣದಿಂದ ಹಾಸನಕ್ಕೋ ತುಮಕೂರಿಗೋ ಹೋಗಿ ಕಾರು ತರುವವರಿಗೆ, ಪ್ರತಿಯೊಂದು ಸಾವಿರವೂ ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕುಂಟು.

ಕೂಲಿಯ ಲೆಕ್ಕ ಈ ಜನರಿಗೆ ಹೊಸದೂ ಅಲ್ಲ. ಮರ ಹತ್ತುವವರಿಗೆ ಮರಕ್ಕಿಷ್ಟು, ಸುಲಿಯುವವರಿಗೆ ಸಾವಿರ ಕಾಯಿಗಿಷ್ಟು, ಉಳುವ ಟ್ರ್ಯಾಕ್ಟರಿಗೆ ಗಂಟೆಗಿಷ್ಟು ಎಂದು ಕೆಲಸಕ್ಕೆ ಮೊದಲೇ ಮಾತಾಗಿರುತ್ತದೆ. ಹೆಚ್ಚೆನಿಸಿದರೆ ಚೌಕಾಸಿ ಮಾಡುತ್ತಾರೆ. ಒಪ್ಪಿದ ಮೇಲೆ ಕೊಡುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ದರ ಹೇಳುವ ಪದ್ಧತಿಯನ್ನು ಯಾವ ತೋಟದವನೂ ಒಪ್ಪುವುದಿಲ್ಲ.

ಮಂಡಿಯ ಕಥೆಯಿಂದಲೂ ನಾವು ಕಲಿಯುವುದಿದೆ. ಹಿಂದೆ ರೈತನ ಮಾಲಿನ ಹಣದಲ್ಲಿ ಹಮಾಲಿ, ತೂಕದ ಕೂಲಿ, ಧರ್ಮಾದಾಯ ಎಂದು ನಾನಾ ಹೆಸರಿನಲ್ಲಿ ಮುರಿದುಕೊಳ್ಳುತ್ತಿದ್ದರು. 1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಆಯೋಗ ದೇಶದ ಮಾರುಕಟ್ಟೆಗಳ ಈ ದೋಷಗಳನ್ನು ಎತ್ತಿ ಹೇಳಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿತು. ನಮ್ಮ ರಾಜ್ಯದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು ಇಂತಹ ಖರ್ಚುಗಳನ್ನು ಮಾರುಕಟ್ಟೆ ಸಮಿತಿಯ ನಿಯಮದೊಳಕ್ಕೆ ತಂದಿತು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾನೂನು ಹಮಾಲಿಯ ಕೂಲಿಯನ್ನು ತೆಗೆದುಹಾಕಲಿಲ್ಲ. ಅದಕ್ಕೊಂದು ಹೆಸರು, ಒಂದು ದರ, ಒಂದು ಚೀಟಿ ಇರಬೇಕೆಂದಿತು. ಷೋರೂಮಿನ ಕೂಲಿಗೂ ನಾವು ಕೇಳಬೇಕಾದುದು ಇಷ್ಟನ್ನೇ.

ಮೊದಲು, ಕೂಡಿಸುವ ಕೆಲಸವೆಂದರೇನು ಎಂದು ನೋಡೋಣ. ಎಲ್ಲ ಜೋಡಣೆಯೂ ಒಂದೇ ಬಗೆಯದಲ್ಲ. ನೆಲಕ್ಕೆ ಹಾಸುವ ಮ್ಯಾಟು, ಸ್ಟೀರಿಂಗಿನ ಕವಚ, ಕಾರಿನ ಮೇಲೆ ಹೊದಿಸುವ ಬಟ್ಟೆ, ಇವಕ್ಕೆ ಉಪಕರಣವೇ ಬೇಡ. ಮನೆಯ ಹುಡುಗರೇ ಹಾಕಬಲ್ಲರು. ಎರಡನೆಯದು ಸ್ಕ್ರೂ ತಿರುಗಿಸಿಯೋ ಅಂಟಿಸಿಯೋ ಮಾಡುವ ಕೆಲಸ. ಮಡ್ ಫ್ಲ್ಯಾಪು, ಬಾಗಿಲ ಅಂಚಿನ ಪಟ್ಟಿ, ಮಳೆಹನಿ ತಡೆಯುವ ಕಿಟಕಿಯ ಮರೆ ಈ ಗುಂಪಿನವು. ಸೀಟಿನ ಕವರನ್ನು ಬಿಗಿಯಾಗಿ, ಸುಕ್ಕಿಲ್ಲದೆ ಕೂಡಿಸಲು ಕೈಚಳಕವೂ ಹೊತ್ತೂ ಬೇಕು. ಮೂರನೆಯದು ವಿದ್ಯುತ್ತಿನ ಕೆಲಸ. ದೀಪ, ಕ್ಯಾಮೆರಾ, ಹಾಡಿನ ಪೆಟ್ಟಿಗೆ, ಕಳ್ಳರನ್ನು ಎಚ್ಚರಿಸುವ ಅಲಾರಂ ಇಲ್ಲಿ ಬರುತ್ತವೆ. ಈ ಮೂರಕ್ಕೂ ಒಂದೇ ರೀತಿಯ ಕೂಲಿ ಹಾಕಿದ್ದರೆ ಕಾರಣ ಕೇಳುವುದು ನ್ಯಾಯ.

ವಿದ್ಯುತ್ತಿನ ಕೆಲಸಕ್ಕೆ ಹೆಚ್ಚು ಕೂಲಿ ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮನೆಯ ವಿದ್ಯುತ್ತು 230 ವೋಲ್ಟಿನದು, ಕಾರಿನ ಬ್ಯಾಟರಿ 12 ವೋಲ್ಟಿನದು. 55 ವಾಟಿನ ಎರಡು ದೀಪಗಳು ಮನೆಯಲ್ಲಿ ಉರಿದರೆ ತಂತಿಯಲ್ಲಿ ಅರ್ಧ ಆಂಪಿಯರ್ ಕೂಡ ಹರಿಯುವುದಿಲ್ಲ. ಅಷ್ಟೇ ಶಕ್ತಿಯ ಎರಡು ಫಾಗ್ ಲ್ಯಾಂಪುಗಳು ಕಾರಿನಲ್ಲಿ ಉರಿಯುವಾಗ 9 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ತೆಳುವಾದ ತಂತಿ, ಸರಿಯಾಗಿ ಕೂಡದ ಗಂಟು, ಫ್ಯೂಸಿಲ್ಲದ ಸಂಪರ್ಕ ಇವು ಬಿಸಿಯೇರಿ ಬೆಂಕಿಗೂ ಕಾರಣವಾದಾವು. ಸರಿಯಾದ ದಪ್ಪದ ತಂತಿ, ಫ್ಯೂಸು, ರಿಲೇ ಹಾಕಿ, ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ ಕಪ್ಲರಿನ ಮೂಲಕ ಕೂಡಿಸುವ ಮೆಕ್ಯಾನಿಕ್ಕಿನ ಕೈಗೆ ಕೂಲಿ ಕೊಡುವುದು ದಂಡವಲ್ಲ. ಅಲ್ಲಿ ನಾಲ್ಕು ಕಾಸು ಉಳಿಸಹೋಗುವುದೇ ನಷ್ಟ.

ಹಾಗಾದರೆ ಕೂಲಿಯ ಲೆಕ್ಕ ಹೇಗೆ? ತಯಾರಕರು ಒಂದೊಂದು ಕೆಲಸಕ್ಕೆ ಇಷ್ಟು ಹೊತ್ತು ಎಂದು ಗೊತ್ತುಮಾಡಿ, ಆ ಹೊತ್ತನ್ನು ಗಂಟೆಯ ದರದಿಂದ ಗುಣಿಸುವ ಪದ್ಧತಿಯುಂಟು. ಆ ದರದೊಳಗೆ ಮೆಕ್ಯಾನಿಕ್ಕಿನ ಸಂಬಳ ಮಾತ್ರವಲ್ಲ, ಕಟ್ಟಡದ ಬಾಡಿಗೆ, ಉಪಕರಣದ ಸವಕಳಿ, ಮಾಲೀಕರ ಲಾಭ ಎಲ್ಲವೂ ಸೇರಿರುತ್ತವೆ. ಕೂಲಿಯ ಮೇಲೆ ಶೇಕಡ 18ರ ಜಿ.ಎಸ್.ಟಿ. ಬೇರೆ. 1000 ರೂಪಾಯಿ ಎಂದು ಬಾಯಲ್ಲಿ ಹೇಳಿದ ಕೂಲಿ ಬಿಲ್ಲಿನಲ್ಲಿ 1180 ಆಗುವುದು ಹೀಗೆ. ಆದ್ದರಿಂದ ‘ತೆರಿಗೆ ಸೇರಿಸಿ ಎಷ್ಟು’ ಎಂದೇ ಕೇಳಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಮುಂದಿನ ಬಂಪರನ್ನು ಬಿಚ್ಚಿ ಫಾಗ್ ಲ್ಯಾಂಪು ಹಾಕುತ್ತಾರೆ. ಅದನ್ನು ಬಿಚ್ಚಿದ್ದಾಗಲೇ ಅಲ್ಲಿಗೆ ಇನ್ನೊಂದು ಸಾಮಾನನ್ನೂ ಕೂಡಿಸಿದರೆ, ಬಂಪರು ಬಿಚ್ಚಿದ್ದು ಒಂದೇ ಸಲ. ಡ್ಯಾಷ್‌ಬೋರ್ಡಿನ ಮಾತೂ ಅಷ್ಟೆ: ಹಾಡಿನ ಪೆಟ್ಟಿಗೆಗೂ ಕ್ಯಾಮೆರಾದ ತೆರೆಗೂ ಅದು ತೆರೆಯುವುದು ಒಂದೇ ಬಾರಿ. ಆದರೆ ಪಟ್ಟಿಯ ಪ್ರಕಾರ ಬಿಲ್ಲು ಮಾಡಿದಾಗ ಬಿಚ್ಚುವ ಕೂಲಿ ಎರಡೆರಡು ಸಲ ಬಂದಿರಬಹುದು. ಒಂದೇ ಗಾಡಿಯಲ್ಲಿ ಎರಡು ಮೂಟೆ ತಂದು ಎರಡು ಬಾಡಿಗೆ ಕೇಳಿದರೆ ನಾವು ಕೊಡುತ್ತೇವೆಯೇ? ಇಲ್ಲಿಯೂ ವಿನಯದಿಂದ ಕೇಳಿದರೆ ಇಳಿಸುವವರಿದ್ದಾರೆ.

ಇನ್ನು ಎಂ.ಆರ್.ಪಿ.ಯ ವಿಚಾರ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. 2009ರ ಕಾನೂನು ಮಾಪನ ಶಾಸ್ತ್ರ ಅಧಿನಿಯಮ ಮತ್ತು ಅದರ 2011ರ ನಿಯಮಗಳ ಪ್ರಕಾರ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಆದರೆ ಕೂಡಿಸುವ ಕೂಲಿ ಸಾಮಾನಿನ ಬೆಲೆಯಲ್ಲ, ಬೇರೆಯೇ ಒಂದು ಸೇವೆ; ಅದನ್ನು ಬೇರೆಯಾಗಿ ಕೇಳಬಹುದು. ಬೇರೆಯಾದ ಸೇವೆಯೆಂದ ಮೇಲೆ ಬೇಡವೆನ್ನುವ ಸ್ವಾತಂತ್ರ್ಯವೂ ನಮ್ಮದು. ಸಾಮಾನನ್ನು ಪೊಟ್ಟಣದಲ್ಲೇ ಕೊಡಿ, ಕೂಡಿಸುವುದು ನಮ್ಮ ಹೊಣೆ ಎನ್ನಬಹುದು.

ಆದರೆ ತೊಂದರೆಯಿರುವುದು ‘ಪ್ಯಾಕೇಜು’ ಎಂಬ ಮಾತಿನಲ್ಲಿ. ಹತ್ತಾರು ಸಾಮಾನುಗಳನ್ನೂ ಅವುಗಳ ಕೂಲಿಯನ್ನೂ ಒಂದು ಗಂಟು ಕಟ್ಟಿ, ಒಂದೇ ಮೊತ್ತ ಹೇಳುತ್ತಾರೆ. ಕಾರು ಬೇಗ ಬೇಕಾದರೆ ಇದನ್ನು ತೆಗೆದುಕೊಳ್ಳಿ ಎಂಬ ಸೂಚನೆಯೂ ಕೆಲವೆಡೆ ಬರುತ್ತದೆ. ‘ಸಾರ್, ಇದು ಪ್ಯಾಕೇಜು, ಬಿಡಿಬಿಡಿಯಾಗಿ ಹೇಳೋಕಾಗಲ್ಲ’ ಎಂದರೆ, ನಮ್ಮ ಕಡೆಯ ಯಜಮಾನರು ಕೇಳುವ ಪ್ರಶ್ನೆಯನ್ನೇ ಕೇಳಬೇಕು: ‘ಬಿಡಿಸಿ ಹೇಳಕ್ಕೆ ಬರ್ದೇ ಇದ್ರೆ ಒಟ್ಟು ಹೆಂಗೆ ಕೂಡುಸಿದ್ರಿ ಸ್ವಾಮಿ?’

ಕಾನೂನು ಈ ಯಜಮಾನರ ಪಕ್ಷದಲ್ಲಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು, ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದು ವಸ್ತುವನ್ನೋ ಸೇವೆಯನ್ನೋ ಕೊಳ್ಳಲೇಬೇಕೆಂಬ ಷರತ್ತನ್ನು ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಹೆಸರಿಸಿದೆ. ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ.

ಇನ್ನೊಂದು ಹೆದರಿಕೆ ಖಾತರಿಯದು. ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಯಿತು ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು? 2014ರ ಆಗಸ್ಟ್ 25ರಂದು ಭಾರತ ಸ್ಪರ್ಧಾ ಆಯೋಗವು ಬಿಡಿಭಾಗ ಮತ್ತು ದುರಸ್ತಿಯ ಪ್ರಕರಣವೊಂದರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನವರಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಖಾತರಿ ಪೂರ್ತಿ ರದ್ದಾಗುತ್ತದೆಂಬ ಷರತ್ತು ಕೂಡದು, ಹೊರಗಿನವರ ಕೆಟ್ಟ ಕೆಲಸದಿಂದ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ಖಾತರಿ ನಿರಾಕರಿಸಬಹುದು ಎಂಬುದು ಅದರ ನಿರ್ದೇಶನ. ಕೆಲವು ಕಂಪನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರಿನಲ್ಲಿ ದಂಡ ಇಳಿಯಿತಾದರೂ, ತಪ್ಪು ನಡೆದಿದೆಯೆಂಬ ತೀರ್ಮಾನ ಉಳಿಯಿತು. ಹೀಗಾಗಿ ಮಡ್ ಫ್ಲ್ಯಾಪಿಗೆ ಊರಿನಲ್ಲಿ ಸ್ಕ್ರೂ ಹಾಕಿಸಿದರೆ ಇಂಜಿನ್ನಿನ ಖಾತರಿ ಹೋಗುತ್ತದೆಂದು ಅಂಜಬೇಕಾಗಿಲ್ಲ. ತಂತಿ ಕತ್ತರಿಸಿ ಕೆಡಿಸಿದರೆ ಆ ಭಾಗದ ಮಟ್ಟಿಗೆ ತೊಂದರೆಯಾದೀತು. ಖಾತರಿಯ ಪುಸ್ತಕವನ್ನು ಒಮ್ಮೆ ಓದಿಸಿಕೊಂಡು, ವಿದ್ಯುತ್ತಿನ ಕೆಲಸವನ್ನು ಷೋರೂಮಿನಲ್ಲೂ, ಉಳಿದುದನ್ನು ಅನುಕೂಲವಾದಲ್ಲೂ ಮಾಡಿಸುವುದು ಬುದ್ಧಿವಂತಿಕೆ.

ಏನನ್ನು ಕೂಡಿಸಲೇಬಾರದು ಎಂಬುದನ್ನೂ ಹೇಳಬೇಕು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಹಿಂದಕ್ಕೆ ಚಲಿಸುವಾಗ ಎಚ್ಚರಿಸುವ ಸೆನ್ಸರು ಕಡ್ಡಾಯ. ಕಾರಿನ ಜೊತೆಗೇ ಬಂದಿರುವ ಅದನ್ನು ಮತ್ತೆ ಕೊಳ್ಳಬೇಕಾದ ಅಗತ್ಯವಿಲ್ಲ. ಕಾರಿನ ಮುಂದೆ ಕಟ್ಟುವ ಉಕ್ಕಿನ ಬುಲ್ ಬಾರು ಕಾನೂನಿಗೆ ವಿರುದ್ಧವೆಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆಯಿತು. ಅದಕ್ಕೆ ಕೂಲಿ ಕೊಟ್ಟು ಹಾಕಿಸಿಕೊಂಡವರು ದಾರಿಯಲ್ಲಿ ದಂಡವನ್ನೂ ಕೊಟ್ಟು ಬಿಚ್ಚಿಸಬೇಕಾದೀತು.

ಇಷ್ಟನ್ನೂ ಆಚರಣೆಗೆ ತರುವುದು ಕಷ್ಟವಲ್ಲ. ಮುಂಗಡ ಕೊಡುವ ಮೊದಲು ಕೊಟೇಷನ್ನು ಕೇಳಿ. ಅದರಲ್ಲಿ ಸಾಮಾನಿನ ಹೆಸರು, ಅದರ ಬೆಲೆ, ಕೂಡಿಸುವ ಕೂಲಿ, ತೆರಿಗೆ ಈ ನಾಲ್ಕೂ ಬೇರೆ ಬೇರೆಯಾಗಿರಲಿ. ‘ಫಿಟಿಂಗ್ ಫ್ರೀ’ ಎಂದರೆ, ಅದೇ ಸಾಮಾನಿನ ಬೆಲೆಯನ್ನು ಹೊರಗಿನ ಅಂಗಡಿಯಲ್ಲಿ ವಿಚಾರಿಸಿ ನೋಡಿ. ಬಿಟ್ಟಿಯೆಂದ ಕೂಲಿ ಬೆಲೆಯೊಳಗೆ ಅಡಗಿದೆಯೇ ಎಂಬುದು ತಿಳಿಯುತ್ತದೆ. ಬೇಡದ ಸಾಮಾನನ್ನು ಅಲ್ಲೇ ಹೊಡೆದುಹಾಕಿಸಿ, ಪಟ್ಟಿಯ ಕೆಳಗೆ ಸಹಿ ಪಡೆಯಿರಿ. ಕಾರನ್ನು ಮನೆಗೆ ತರುವ ದಿನ ಪೂಜೆ, ನಿಂಬೆಹಣ್ಣಿನ ಸಡಗರದಲ್ಲಿ ಲೆಕ್ಕ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಲೆಕ್ಕವನ್ನು ಹಿಂದಿನ ದಿನವೇ ಮುಗಿಸಿ. ಬಿಲ್ಲನ್ನು ಜೋಪಾನವಾಗಿಡಿ. ಹೊರಗಿನಿಂದ ಕೂಡಿಸಿದ ವಿದ್ಯುತ್ ಸಾಮಾನುಗಳನ್ನು ವಿಮೆಯವರಿಗೆ ತಿಳಿಸಿ, ಸ್ವಲ್ಪ ಹೆಚ್ಚಿನ ಕಂತು ಕಟ್ಟಿದರೆ ಅವಕ್ಕೂ ರಕ್ಷಣೆ ಸಿಗುತ್ತದೆ. ಆಗ ಆ ಬಿಲ್ಲೇ ಆಧಾರ.

ಇಷ್ಟಾದರೂ ಅನ್ಯಾಯವಾದರೆ ಮೊದಲು ಷೋರೂಮಿನ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಕನ್ನಡದಲ್ಲೇ ದೂರು ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಾರನ್ನು ತುಮಕೂರಿನಲ್ಲಿ ಕೊಂಡಿದ್ದರೂ, ಕಣಕಟ್ಟೆಯಲ್ಲಿ ವಾಸಿಸುವವರು ಹಾಸನದ ಆಯೋಗದಲ್ಲೇ ದೂರು ಕೊಡಲು 2019ರ ಕಾನೂನು ಅವಕಾಶ ಮಾಡಿಕೊಟ್ಟಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವಕೀಲರೇ ಬೇಕೆಂಬ ಕಟ್ಟಳೆಯಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೂ ಇಲ್ಲ.

ಕೊನೆಯದಾಗಿ ಒಂದು ಮಾತು. ಇದೆಲ್ಲ ಕೆಲಸಗಾರನ ಕೂಲಿಗೆ ಕತ್ತರಿ ಹಾಕಲು ಹೇಳಿದ್ದಲ್ಲ. ಕಾರಿನ ಕೆಳಗೆ ಅಂಗಾತ ಮಲಗಿ, ಕೈಗೆ ಮಸಿ ಮಾಡಿಕೊಂಡು ದುಡಿಯುವವರ ಮಕ್ಕಳೂ ಆ ಕೂಲಿಯಿಂದಲೇ ಓದಬೇಕು. ದುಡಿಮೆಯ ಹೆಸರಿನಲ್ಲಿ ದುಡಿಮೆಯಿಲ್ಲದ ಹಣವನ್ನು ಸೇರಿಸಿದಾಗ, ಕೊಡುವವನಿಗೆ ಎಲ್ಲ ಕೂಲಿಯ ಮೇಲೂ ಅನುಮಾನ ಹುಟ್ಟುತ್ತದೆ. ಅದರ ಪೆಟ್ಟು ಪ್ರಾಮಾಣಿಕನಾದ ಮೆಕ್ಯಾನಿಕ್ಕಿಗೇ ಬೀಳುತ್ತದೆ. ಬಿಡಿಸಿ ಬರೆದ ಲೆಕ್ಕ ಕೊಳ್ಳುವವನನ್ನೂ ಕಾಯುತ್ತದೆ, ದುಡಿಯುವವನ ಮಾನವನ್ನೂ ಕಾಯುತ್ತದೆ.