ಸುದ್ದಿ, ಪ್ರಚಾರ ಮತ್ತು ಮಾತಿಲ್ಲದವರು



ಕೊಳ್ಳೇಗಾಲದ ರೇಷ್ಮೆಗೆ ಬಹುಕಾಲದಿಂದ ಹೆಸರಿದೆ. ಅಲ್ಲಿನ ಸೀರೆ ಅಂಗಡಿಯೊಂದು 'ಅಪ್ಪಟ ರೇಷ್ಮೆಯನ್ನು ಗುರುತಿಸುವುದು ಹೇಗೆ' ಎಂಬ ಲೇಖನವನ್ನು ಅಚ್ಚು ಹಾಕಿಸಿ ಹಂಚಿತೆಂದು ಇಟ್ಟುಕೊಳ್ಳಿ. ಎಳೆಯೊಂದನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು ಎಂದು ಅದರಲ್ಲಿದೆ. ಮಾತು ನಿಜ, ಕೊಳ್ಳುವವರಿಗೆ ಉಪಯೋಗವೂ ಉಂಟು. ಆದರೆ ನೇಕಾರನಿಗೆ ದೊರೆತ ಕೂಲಿ ಎಷ್ಟು, ಪಕ್ಕದ ಅಂಗಡಿಯಲ್ಲಿ ಬೆಲೆ ಎಷ್ಟು ಎಂಬುದು ಅದರಲ್ಲಿರುವುದಿಲ್ಲ. ಹೀಗೆ ಮಾಹಿತಿ ಕೊಟ್ಟು ಗಿರಾಕಿಯ ವಿಶ್ವಾಸ ಗಳಿಸುವ ವಿದ್ಯೆಗೆ ಇಂದು ಕಂಟೆಂಟ್ ಮಾರ್ಕೆಟಿಂಗ್ ಎಂದು ಹೆಸರು. ಒಂದು ಸಂಸ್ಥೆ ಅಥವಾ ಸರ್ಕಾರ ಹೇಳಿಕೆ, ಗೋಷ್ಠಿಗಳ ಮೂಲಕ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿಸುವ ಕೆಲಸ ಸಾರ್ವಜನಿಕ ಸಂಪರ್ಕ. ಇವೆರಡೂ ಹೇಳುವವನ ಪರ. ಪತ್ರಿಕೋದ್ಯಮ ನಿಲ್ಲಬೇಕಾದದ್ದು ಓದುವವನ ಪರ.

ಈ ಮೂರೂ ಬೆರೆಯುವುದು ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಮಿಷನ್ನಿನ ಉದ್ದೇಶ ಧರ್ಮಪ್ರಸಾರ. ಆದರೂ ಊರಿನ ವರ್ತಮಾನ ಆ ಪತ್ರಿಕೆಯಲ್ಲಿ ಬರುತ್ತಿತ್ತು. ಸುದ್ದಿ ಕೊಡುವವನಿಗೆ ಒಂದು ಉದ್ದೇಶವಿರುವುದೇ ದೋಷವಲ್ಲ. ಆ ಉದ್ದೇಶ ಓದುಗನಿಗೆ ತಿಳಿಯದಿದ್ದರೆ ಅಪಾಯ.

ಈ ಅಪಾಯವನ್ನು ಹನೂರು ಸೀಮೆ ಹತ್ತಿರದಿಂದ ಕಂಡಿದೆ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಆಗ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಈಗ ಹನೂರು ತಾಲ್ಲೂಕಿನಲ್ಲಿದೆ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಹತರಾದರು. 1993ರಲ್ಲಿ ಪಾಲಾರ್ ಬಳಿಯ ಸ್ಫೋಟದಲ್ಲಿ 22 ಮಂದಿ ಸತ್ತರು. 2002ರಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಕಾಡಿನಲ್ಲಿ ಶವವಾಗಿ ಸಿಕ್ಕರು.

ಇಂಥ ವ್ಯಕ್ತಿಗೂ ಪ್ರಚಾರದ ಬೆಲೆ ಗೊತ್ತಿತ್ತು. 1990ರ ದಶಕದಲ್ಲಿ ತಮಿಳು ವಾರಪತ್ರಿಕೆ 'ನಕ್ಕೀರನ್' ಅವನ ಸಂದರ್ಶನ, ಚಿತ್ರಗಳನ್ನು ನಾಡಿನ ಮುಂದಿಟ್ಟಿತು. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಒಯ್ಯುವಾಗ ಅವನು ಪಾರ್ವತಮ್ಮನವರ ಕೈಗೆ ಕೊಟ್ಟದ್ದು ಒಂದು ಕ್ಯಾಸೆಟ್. ಆ ಪತ್ರಿಕೆಯ ಸಂಪಾದಕ ಆರ್.ಆರ್. ಗೋಪಾಲ್ ಕರ್ನಾಟಕ, ತಮಿಳುನಾಡು ಸರ್ಕಾರಗಳ ಪರವಾಗಿ ಸಂಧಾನಕ್ಕೆ ಕಾಡಿಗೆ ಹೋದರು. ರಾಜ್‌ಕುಮಾರ್ ಬಿಡುಗಡೆಯಾದದ್ದು 108 ದಿನಗಳ ನಂತರ. ಜೀವ ಉಳಿಸುವ ಕೆಲಸ ದೊಡ್ಡದೇ. ಆದರೆ ಸಂಧಾನಕ್ಕೆ ಹೋದ ಪತ್ರಕರ್ತ ಆ ಹೊತ್ತಿಗೆ ದೂತನಾಗಿರುತ್ತಾನೆ. ವರದಿಗಾರ ಕೇಳಬೇಕಾದ ಪ್ರಶ್ನೆಗಳನ್ನು ದೂತ ಕೇಳಲಾರ.

ಒಂದು ಕಡೆ ಕಾಡಿನಿಂದ ಬರುವ ಕ್ಯಾಸೆಟ್, ಇನ್ನೊಂದು ಕಡೆ ವಿಶೇಷ ಕಾರ್ಯಪಡೆಯ ಹೇಳಿಕೆ. ಇವೆರಡರಲ್ಲೇ ಪುಟ ತುಂಬುತ್ತಿದ್ದಾಗ ನಡುವಿನ ಹಳ್ಳಿಗಳ ಪಾಡೇನು? ಕಾರ್ಯಪಡೆಯವರು ಹಿಡಿದು ಹಿಂಸಿಸಿದರೆಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆ ವೇಳೆಗೆ ವೀರಪ್ಪನ್ ಸತ್ತು ಎರಡು ವರ್ಷಗಳ ಮೇಲಾಗಿತ್ತು. ಕ್ಯಾಸೆಟ್ ಕಳಿಸುವ ಉಪಾಯವಾಗಲಿ, ಪತ್ರಿಕಾಗೋಷ್ಠಿ ಕರೆಯುವ ಅಧಿಕಾರವಾಗಲಿ ಇಲ್ಲದ ಜನ ಅವರು. ಅವರ ಮನೆ ಬಾಗಿಲಿಗೆ ಹೋಗಿ ಕೇಳುವುದೇ ಪತ್ರಿಕೋದ್ಯಮದ ಕೆಲಸ.

ಬಂದೂಕಿಲ್ಲದ ಕಡೆಯೂ ಇದೇ ಮಾತು ಸಲ್ಲುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಗಳು ದೊರೆತವು. ಪ್ರವಾಸಿಗಳನ್ನು ಕರೆಯುವ ಲೇಖನದಲ್ಲಿ ಹುಲಿ, ಮಂಜು, ದೊಡ್ಡಸಂಪಿಗೆ ಮರ ಇದ್ದರೆ ತಪ್ಪಿಲ್ಲ. ಸೋಲಿಗರ ಹಕ್ಕಿನ ಮಾತು ಬಿಟ್ಟುಹೋದ ಆ ಲೇಖನವೇ ವರದಿಯ ವೇಷದಲ್ಲಿ ಅಚ್ಚಾದರೆ ತಪ್ಪು. ಅದರ ಮೇಲೆ 'ಜಾಹೀರಾತು' ಎಂಬ ಒಂದು ಪದವಿರಬೇಕು. ಕಾಸಿಗಾಗಿ ಸುದ್ದಿಯ ಬಗ್ಗೆ 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಚಿಂತಿಸಬೇಕಾಗಿ ಬಂದದ್ದೂ ಈ ಒಂದು ಪದ ಮರೆಯಾದುದರಿಂದಲೇ.

ಓದುಗರೂ ಸುಮ್ಮನಿರಬೇಕಾಗಿಲ್ಲ. ಇದನ್ನು ಹೇಳುತ್ತಿರುವವರು ಯಾರು? ಅಚ್ಚಿನ ಖರ್ಚು ಯಾರದು? ಯಾರನ್ನು ಕೇಳದೆ ಬರೆಯಲಾಗಿದೆ? ಬೆಳಗಿನ ಪತ್ರಿಕೆ ಬಿಡಿಸಿದಾಗ ಈ ಮೂರು ಪ್ರಶ್ನೆ ಹಾಕಿಕೊಂಡರೆ ಸುದ್ದಿ ಯಾವುದು, ಸರಕು ಯಾವುದು ಎಂಬುದು ಬಹುಮಟ್ಟಿಗೆ ತಿಳಿದೀತು.